ಟೀಚರಕ್ಕನ ಸೀಟು

ವಿಲೆ ಪಾರ್ಲೆ (ಪೂರ್ವ)
14 ಜುಲೈ 2024

ಪ್ರೀತಿಯ ಟೀಚರಕ್ಕ,

ನೀವು ಹಾಕಿದ ಷರತ್ತಿನಂತೆ ಕಾಗದದ ಮೇಲೆ, ಪೆನ್ನಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಎರಡನೇ ಮಾತಿಗೇ ಇಂಗ್ಲಿಷಿಗೆ ಜಾರುತ್ತೇನೆ, ವಾಟ್ಸಾಪಿನಲ್ಲಾದರೆ ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೇನೆ ಎಂದು ನೀವು ದೂರಿದ್ದು ಸುಳ್ಳಲ್ಲ. ಕಾನ್ವೆಂಟಿನಲ್ಲಿ ಓದಿ, ಮನೆಯಲ್ಲಿ ತುಳು ಆಡಿಕೊಂಡು ಬೆಳೆದವಳಿಗೆ ಮೂವತ್ತು ದಾಟಿದ ಮೇಲೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಅಕ್ಷರ ತಿದ್ದಿಸಿದವರು ನೀವು. ನಿಮ್ಮ ಮುನಿಸಿಪಲ್ ಶಾಲೆಯ ಒಂದನೇ ಕ್ಲಾಸಿನ ಮಕ್ಕಳು ನನಗಿಂತ ಬೇಗ ಕಲಿಯುತ್ತಾರೆ ಎಂದು ದಿನವೂ ಹೇಳಿಕೊಂಡೇ ಕಲಿಸಿದಿರಿ.

ನೀವು ನಿವೃತ್ತರಾಗಿ ವಿಜಯಪುರಕ್ಕೆ ಹೋದ ಮೇಲೂ ಡಬ್ಬಾ ನಿಮ್ಮ ಆಜ್ಞೆಯ ಪ್ರಕಾರವೇ ನಡೆಯುತ್ತಿದೆ. ಕೊನೆಯ ದಿನ ಎದ್ದು ನಿಂತು, "ನಾಳಿಂದ ಈ ಕಿಡಕಿ ವಿನೋದಿನಿದು. ಯಾರೂ ತಕರಾರು ತಗೀಬಾರದು" ಅಂದಿರಲ್ಲ, ಯಾರೂ ತೆಗೆದಿಲ್ಲ. ಅಂಧೇರಿಯಲ್ಲಿ ಟ್ರೇನ್ ಹೊರಡುವ ಮೊದಲೇ ನಿಖಿತಾ ಆ ಸೀಟಿನ ಮೇಲೆ ತನ್ನ ಚೀಲ ಇಟ್ಟು ಕಾಯುತ್ತಾಳೆ. ಮುಂದಿನ ಸ್ಟೇಷನ್ ಪಾರ್ಲೆಯಲ್ಲಿ ನಾನು ಹತ್ತಿದ ಕೂಡಲೇ, "ಟೀಚರಕ್ಕನ ವಾರಸ್‌ದಾರ್ ಬಂದ್ರು, ಚಲೋ ಜಾಗ ಬಿಡಿ" ಎಂದು ಕೂಗುತ್ತಾಳೆ. ಎದುರುಬದುರು ಕುಳಿತವರ ಮೊಣಕಾಲುಗಳೆಲ್ಲ ಒಂದು ಕಡೆಗೆ ಸರಿಯುತ್ತವೆ. ನಾನು ನುಸುಳಿ ಒಳಗೆ ಹೋಗಿ ಕಿಟಕಿಗೆ ಒರಗುತ್ತೇನೆ. ಇಷ್ಟು ವರ್ಷ ಹೆಚ್ಚಿನ ದಿನ ನಿಂತು, ಕೆಲವು ದಿನ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಕುಳಿತು ಪರೇಲಿನ ಆಫೀಸು ಮುಟ್ಟಿದವಳಿಗೆ ಇದು ಬಡ್ತಿಯೇ. ಹತ್ತಿದವರೆಲ್ಲ ಈಗಲೂ ನನ್ನನ್ನೇ ಮೊದಲು ಕೇಳುತ್ತಾರೆ, "ಎಲ್ಲಿ ಇಳಿಯುತ್ತೀರಿ?" ಪ್ರಭಾದೇವಿ ಎಂದರೆ ಮುಖ ಸಣ್ಣದು ಮಾಡಿಕೊಂಡು ಮುಂದಿನವರನ್ನು ಕೇಳುತ್ತಾರೆ. ಅವರಿಗೆ ಒಂದು ಸ್ಟೇಷನ್ ಮೊದಲೇ, ದಾದರಿನಲ್ಲಿ ಇಳಿದು ಸೀಟು ಬಿಟ್ಟುಕೊಡುವವರು ಬೇಕು.

ಈ ವಾರ ಮಳೆ ಜೋರಿತ್ತು. ಒಂದು ದಿನ ಹಳಿಯ ಮೇಲೆ ನೀರು ನಿಂತು ಮಾಹಿಮ್ ದಾಟಿದ ಮೇಲೆ ಟ್ರೇನ್ ಬಹಳ ಹೊತ್ತು ನಿಂತಿತು. ಎರಚಲು ಬರುತ್ತದೆಂದು ಕಿಟಕಿಯ ಶಟರ್ ಇಳಿಸಿದ್ದರು. ಸ್ವಲ್ಪ ಸೆಖೆ ಅನಿಸಿತು. ಆಮೇಲೆ ಹೊರಟಿತು.

ನಿಮ್ಮ ತಂಗಿ ಕಸ್ತೂರಿಬಾಯಿಗೆ ನಮಸ್ಕಾರ ತಿಳಿಸಿ.

ನಿಮ್ಮ
ವಿನೋದಿನಿ


ವಿಜಯಪುರ
2 ಆಗಸ್ಟ್ 2024

ಪ್ರೀತಿಯ ವಿನೂ,

ನಿನ್ನ ಪತ್ರ ಓದಿ ಎದೆ ತುಂಬಿತು. ಕಸ್ತೂರಿಗೆ ದೊಡ್ಡ ದನಿಯಲ್ಲಿ ಓದಿ ಹೇಳಿದೆ. "ಇಂಗ್ಲಿಷ್ ಸಾಲಿ ಹುಡುಗಿ ಇಷ್ಟು ಚಂದ ಬರೀತಾಳಂದ್ರ ನೀ ಎಷ್ಟು ಹೊಡದಿರಬೇಕು" ಅಂದಳು.

ಇಲ್ಲಿ ನನಗೆ ಎಲ್ಲ ಇದೆ. ಮನೆ ಮುಂದೆ ಜಾಗ ಇದೆ, ಕುರ್ಚಿ ಹಾಕಿಕೊಂಡು ಕೂರಲು ಅಂಗಳ ಇದೆ. ಆದರೆ ಬೆಳಿಗ್ಗೆ ಎಂಟು ಬಡಿದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಆ ಕಿಟಕಿ ನನಗೇನಾಗಿತ್ತು ಎಂಬುದು ಬಿಟ್ಟು ಬಂದ ಮೇಲೆ ತಿಳಿಯಿತು. ಮನೆಯಲ್ಲಿ ಒಬ್ಬರಲ್ಲ ಒಬ್ಬರು ಕರೆಯುತ್ತಿದ್ದರು, ಶಾಲೆಯಲ್ಲಿ ನಲವತ್ತು ಮಂದಿ ಕರೆಯುತ್ತಿದ್ದರು. ನಡುವೆ ಅಷ್ಟು ಹೊತ್ತು ಆ ಸರಳಿಗೆ ಹಣೆ ಹಚ್ಚಿ ಕುಳಿತರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನನ್ನ ಹತ್ತಿರ ಕೊಡುವಂಥದ್ದು ಅದೊಂದೇ ಇತ್ತು. ನಿನಗೆ ಕೊಟ್ಟೆ. ಯಾರಿಗೂ ಬಿಟ್ಟುಕೊಡಬೇಡ.

ಟ್ರೇನಿನ ಸುದ್ದಿ ಬರೆಯುತ್ತಿರು. ಎಷ್ಟು ಬರೆದರೂ ಸಾಲದು.

ನಿನ್ನ
ಮಹಾದೇವಿ


ವಿಲೆ ಪಾರ್ಲೆ
10 ಸೆಪ್ಟೆಂಬರ್ 2024

ಪ್ರೀತಿಯ ಟೀಚರಕ್ಕ,

ತಡವಾಗಿ ಬರೆಯುತ್ತಿದ್ದೇನೆ. ಗಣಪತಿ ಬಂದ. ನಮ್ಮ ಯಜಮಾನ ಸುಕೇಶರ ಹೋಟೆಲಿನಲ್ಲಿ ಮೋದಕದ ಆರ್ಡರ್ ಹೆಚ್ಚಿದ್ದರಿಂದ ಮನೆಯವರೆಲ್ಲ ತೆಂಗಿನಕಾಯಿ ತುರಿದೆವು.

ಡಬ್ಬಾದಲ್ಲಿ ಎಲ್ಲರೂ ಕ್ಷೇಮ. ಶುಕ್ರವಾರ ಒಬ್ಬರು ಹಬೆಯಲ್ಲಿ ಬೇಯಿಸಿದ ಉಕಡೀಚೆ ಮೋದಕ ತಂದಿದ್ದರು, ಬಾಂದ್ರಾ ಬರುವಷ್ಟರಲ್ಲಿ ಖಾಲಿ. ಖಾರ್‌ನಲ್ಲಿ ಹತ್ತಿದ ಹೊಸ ಹುಡುಗಿಯೊಬ್ಬಳು ನಿಮ್ಮ ಸೀಟಿಗೆ ಕಣ್ಣು ಹಾಕಿದ್ದಾಳೆ. ನಿಖಿತಾ ಅವಳಿಗೆ, "ಯೆ ಸೀಟ್ ಕಾ ವೇಟಿಂಗ್ ಲಿಸ್ಟ್ ಹೈ, ನಿಮ್ಮ ಮಗಳ ಟೈಮಿಗೆ ಸಿಗ್ತದೆ" ಅಂದಳು. ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತದೆ. ಮಾಹಿಮ್ ಬಳಿ ಕೆಸರಿನ ವಾಸನೆಯೂ ಬರುತ್ತದೆ, ನೀವು ಮೂಗು ಮುಚ್ಚಿಕೊಂಡು ಪಾಠ ಹೇಳುತ್ತಿದ್ದುದು ನೆನಪಾಗುತ್ತದೆ.

ನಾನು ಚೆನ್ನಾಗಿದ್ದೇನೆ.

ನಿಮ್ಮ
ವಿನೋದಿನಿ


ವಿಜಯಪುರ
3 ಅಕ್ಟೋಬರ್ 2024

ಪ್ರೀತಿಯ ವಿನೂ,

ಒಂದೇ ಒಂದು ಕೆಲಸ ಹೇಳುತ್ತೇನೆ. ದಸರೆಯ ಹಿಂದಿನ ದಿನ ಡಬ್ಬಾದಲ್ಲಿ ಪೂಜೆ ಮಾಡುತ್ತೀರಲ್ಲ, ಅದನ್ನು ಒಂದೂ ಬಿಡದೆ ಬರೆ. ಯಾರು ಯಾವ ಸೀರೆ ಉಟ್ಟಿದ್ದರು, ಮಾಲೆ ಯಾರು ತಂದರು, ಆರತಿಯಲ್ಲಿ ಯಾರು ರಾಗ ತಪ್ಪಿದರು. ಈ ಸಲ ನಾನಿಲ್ಲದ ಮೊದಲ ದಸರೆ. ನಿನ್ನ ಕಣ್ಣಲ್ಲಿ ನೋಡಬೇಕು.

ಮಹಾದೇವಿ


ವಿಲೆ ಪಾರ್ಲೆ
14 ಅಕ್ಟೋಬರ್ 2024

ಪ್ರೀತಿಯ ಟೀಚರಕ್ಕ,

ಪೂಜೆ ಚೆನ್ನಾಗಿ ಆಯಿತು. ನಿಮ್ಮ ಕಿಟಕಿಗೆ ಚೆಂಡುಹೂವಿನ ಮಾಲೆ ಹಾಕಿದೆವು, ದಾದರಿನ ಹೂವಿನ ಮಾರ್ಕೆಟ್ಟಿನಿಂದ ಹಿಂದಿನ ಸಂಜೆಯೇ ತಂದದ್ದು. ಫ್ಯಾನಿಗೆ ಮಾವಿನೆಲೆ ಕಟ್ಟಿದರು, ಯಾರೋ ಸ್ವಿಚ್ ಒತ್ತಿ ಎಲೆಗಳೆಲ್ಲ ನಮ್ಮ ತಲೆಯ ಮೇಲೆ ಬಿದ್ದವು. ನಿಖಿತಾ ಹಳದಿ ಸೀರೆ ಉಟ್ಟಿದ್ದಳು. ನಾನು ನೀವು ಕೊಟ್ಟ ಹಸಿರು ಇಳಕಲ್ ಉಟ್ಟಿದ್ದೆ. ಆರತಿಯಲ್ಲಿ ರಾಗ ತಪ್ಪಿದ್ದು ನಾನೇ. ಸಕ್ಕರೆ ಪುಟಾಣಿ ಹಂಚಿದರು. ನಿಮ್ಮ ಪಾಲಿನದನ್ನು ನಾನೇ ತಿಂದೆ.

ನಿಮ್ಮ
ವಿನೋದಿನಿ


ವಿಜಯಪುರ
9 ನವೆಂಬರ್ 2024

ವಿನೋದಿನಿ,

ನಿನ್ನ ದಸರೆಯ ಪತ್ರ ಮೂರು ಸಲ ಓದಿದೆ. ಎಷ್ಟು ಚಂದ ಬರೆದಿರುವೆ ಎಂದರೆ ಮಾವಿನೆಲೆ ನನ್ನ ತಲೆಯ ಮೇಲೂ ಬಿದ್ದವು.

ದೀಪಾವಳಿಯ ಪಾಡ್ಯದ ದಿನ ನಿಖಿತಾ ಫೋನ್ ಮಾಡಿದ್ದಳು. ದಸರೆ ಪೂಜೆಯ ಫೋಟೋ ಕಳಿಸಿದಳು. ಕಿಟಕಿಗೆ ಚೆಂಡುಹೂವಿನ ಮಾಲೆ ಇದೆ, ಅದು ನಿನ್ನ ಮಾತಿನಂತೆಯೇ ಇದೆ. ಸೀಟಿನ ಮೇಲೆ ತೆಂಗಿನಕಾಯಿ ಇದೆ. ನೀನಿಲ್ಲ. "ವಿನೋದಿನಿ ಅಕ್ಕ ಬರೋ ತಕ್ ದೇವರು ಕೂತಿರಲಿ ಅಂತ ನಾರಿಯಲ್ ಇಟ್ವಿ" ಅಂದಳು. ನೀನು ಜುಲೈ ಮುಗಿಯುವ ಮೊದಲೇ ಬರುವುದು ನಿಲ್ಲಿಸಿದೆಯಂತೆ. ಮೆಸೇಜು ಹಾಕಿದರೆ ಮನೆಯಿಂದಲೇ ಆಫೀಸ್ ಕೆಲಸ ಎಂದು ಉತ್ತರ ಕೊಟ್ಟೆಯಂತೆ.

ನನಗೆ ಅರ್ಥವಾಯಿತು, ಯವ್ವ. ತಪ್ಪು ನನ್ನದು. ನಿನಗಿಂತ ಮೊದಲಿನಿಂದ ಬರುವವರು ಆ ಡಬ್ಬಾದಲ್ಲಿದ್ದರು. ನಿಖಿತಾಳೇ ನಿನಗಿಂತ ಹಳಬಳು. ಅವರೆಲ್ಲರನ್ನು ದಾಟಿಸಿ ನಿನಗೆ ಕಿಟಕಿ ಕೊಟ್ಟು, ಜಗಳ ಹಚ್ಚಿ ಊರಿಗೆ ಬಂದು ಕುಳಿತೆ. ಯಾರು ಏನು ಅಂದರು ಎಂದು ನೀನು ಬಾಯಿ ಬಿಡುವವಳಲ್ಲ. ನಿಖಿತಾಳನ್ನು ಕೇಳಿದೆ, "ನಾವ್ ಏನ್ ಬೋಲಿದ್ವಿ ಟೀಚರಕ್ಕ, ಕಸಮ್ ಸೇ ಏನಿಲ್ಲ" ಎಂದು ಅತ್ತಳು. ಅಳುವವರನ್ನು ನಲವತ್ತು ವರ್ಷ ನೋಡಿದ್ದೇನೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ನಾನೇ ಸರಿ ಮಾಡಿದ್ದೇನೆ. ಸೋಮವಾರ ಎಲ್ಲರೂ ಪಾರ್ಲೆಯಲ್ಲಿ ಇಳಿದು, ನಿನ್ನ ಮನೆಗೆ ಬಂದು, ನಿನ್ನನ್ನು ಕೈಹಿಡಿದು ಕರೆದೊಯ್ದು ಕಿಟಕಿಯ ಪಕ್ಕ ಕೂರಿಸಬೇಕು ಎಂದು ಹೇಳಿದ್ದೇನೆ. ಮುನಿಸು ಬಿಡು.

ನಿನ್ನ
ಟೀಚರಕ್ಕ


ವಿಲೆ ಪಾರ್ಲೆ
1 ಡಿಸೆಂಬರ್ 2024

ಪ್ರೀತಿಯ ಟೀಚರಕ್ಕ,

ಅವರು ಬಂದರು. ನಿಖಿತಾ ಮತ್ತು ಇನ್ನಿಬ್ಬರು, ಕೈಯಲ್ಲಿ ಮಲ್ಲಿಗೆ. ಸುಕೇಶರಿಗೆ ಸಂತೋಷವೋ ಸಂತೋಷ. "ಹೋಗು ಮಾರಾಯ್ತಿ, ಫ್ರೆಂಡ್ಸ್ ಇದ್ದಾರಲ್ಲ" ಎಂದು ಎಲ್ಲರಿಗೂ ಇಡ್ಲಿ ತಿನ್ನಿಸಿ ಕಳಿಸಿದರು. ಅಷ್ಟು ಪ್ರೀತಿಗೆ ಇಲ್ಲವೆನ್ನುವುದು ಹೇಗೆಂದು ನನಗೆ ತಿಳಿಯಲಿಲ್ಲ. ಹೋದೆ. ಉಳಿದವರು ಅಂಧೇರಿಯಿಂದಲೇ ಹಿಡಿದಿಟ್ಟಿದ್ದ ಕಿಟಕಿಯ ಪಕ್ಕ ಕೂರಿಸಿದರು. ಪಕ್ಕದಲ್ಲಿ ಮೂವರು, ಎದುರಿಗೆ ನಾಲ್ವರು, ನಡುವೆ ನಿಂತವರು. ಅವರ ಅಕ್ಕರೆಯಲ್ಲಿ ನಾನು ಹೊರಗೆ ಬರುವಷ್ಟು ಒಂದು ಸಂದೂ ಇರಲಿಲ್ಲ. ಸಾಂತಾಕ್ರೂಜ್ ದಾಟುವಾಗ ಬೆರಳು ಜುಮುಗುಟ್ಟತೊಡಗಿತು. ಖಾರ್ ಬಂದಾಗ ಅವರ ಮೊಣಕಾಲು ದಾಟಿ, ಯಾರದೋ ಟಿಫಿನ್ ಡಬ್ಬಿ ತುಳಿದು ಇಳಿದುಬಿಟ್ಟೆ. ನಿಖಿತಾ ನನ್ನ ಹಿಂದೆಯೇ ಹಾರಿದಳು. ಅವಳ ಟ್ರೇನ್ ಹೋಯಿತು. ಬೆಂಚಿನ ಮೇಲೆ ನನ್ನನ್ನು ಕೂರಿಸಿ ದುಪಟ್ಟಾದಿಂದ ಗಾಳಿ ಹಾಕುತ್ತ, "ಅಕ್ಕ, ಸೀಟು ಪಸಂದ್ ಇಲ್ಲಾಂದ್ರೆ ಬೋಲಬೇಕಿತ್ತು" ಅಂದಳು.

ಜಗಳವೇನೂ ಆಗಿಲ್ಲ ಅಕ್ಕ. ಈಗ ನಿಜ ಬರೆಯುತ್ತೇನೆ.

ಜುಲೈ ತಿಂಗಳಲ್ಲಿ ಶಟರ್ ಇಳಿಸಿದ ಕಿಟಕಿಯ ಪಕ್ಕ ಕುಳಿತಿದ್ದಾಗ, ನಿಂತ ಟ್ರೇನಿನಲ್ಲಿ, ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗಿತು. ಉಸಿರು ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಬೆವರು, ಕೈ ತಣ್ಣಗೆ, ಸುತ್ತಲಿನವರ ಮಾತು ದೂರದ ರೇಡಿಯೋದಂತೆ. ಎದುರಿಗೆ ಕುಳಿತವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಾನು ಸಾಯುತ್ತಿದ್ದೇನೆ, ಇವರ ಮಡಿಲಿನ ಸೊಪ್ಪಿನ ಮೇಲೆ ಬೀಳುತ್ತೇನೆ ಎಂದು ಖಾತ್ರಿಯಾಯಿತು. ಯಾರಿಗೂ ಏನೂ ಕಾಣಲಿಲ್ಲ. ಅದೇ ಸಂಜೆ ಸುಕೇಶ್ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ, ರಕ್ತ, ಎಲ್ಲ ನಾರ್ಮಲ್. "ನಾನು ಆಗಲೇ ಹೇಳಿದೆ, ಗ್ಯಾಸ್. ಬರೀ ಹೊಟ್ಟೆಯಲ್ಲಿ ಚಾ ಕುಡಿಯಬೇಡ" ಎಂದು ಅವರು ನಿಟ್ಟುಸಿರು ಬಿಟ್ಟರು. ಹೋಟೆಲಿನವರಿಗೆ ಎದೆಯ ನೋವೆಲ್ಲ ಗ್ಯಾಸ್. ಅವತ್ತಿನಿಂದ ದಿನಾ ಜೀರಿಗೆ ಸೋಡಾ ಬರುತ್ತದೆ.

ನಾರ್ಮಲ್ ಎಂದಾಗ ನನಗೆ ಸಮಾಧಾನವಾಗಬೇಕಿತ್ತು. ನಾಚಿಕೆಯಾಯಿತು. ಕಾಯಿಲೆಯಿಲ್ಲದೆ ಹೀಗಾಗುವುದಾದರೆ ತಪ್ಪು ನನ್ನದೇ ಇರಬೇಕು ಅನಿಸಿತು. ಮತ್ತೆರಡು ಸಲ ಅದೇ ಸೀಟಿನಲ್ಲಿ ಹಾಗೆಯೇ ಆಯಿತು. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಟ್ರೇನನ್ನು ಬಿಟ್ಟುಬಿಡತೊಡಗಿದೆ. ಟ್ಯಾಕ್ಸಿ ಹಿಡಿದೆ. ಫ್ಲೈಓವರಿನ ಮೇಲೆ ಟ್ರಾಫಿಕ್ ನಿಂತಾಗ ಅಲ್ಲೂ ಬಂತು. ಈಗ ಬಿಲ್ಡಿಂಗಿನ ಲಿಫ್ಟ್ ಕೂಡ ಬಿಟ್ಟಿದ್ದೇನೆ. ಬಿಟ್ಟದ್ದೆಲ್ಲ ಹೆದರಿಕೆಯ ಪಾಲಾಗುತ್ತ ಹೋಯಿತು. ಆಫೀಸಿನವರು ಮಾರ್ಚ್ ಕೊನೆಯವರೆಗೆ ಮನೆಯಿಂದ ಕೆಲಸಕ್ಕೆ ಒಪ್ಪಿದ್ದಾರೆ. ಏಪ್ರಿಲ್ ಒಂದಕ್ಕೆ ಹೋಗಲಾಗದಿದ್ದರೆ ಕೆಲಸ ಬಿಡಬೇಕು. ನನಗೆ ಆ ಕೆಲಸ ಇಷ್ಟ ಅಕ್ಕ.

ನಿಮಗೆ ಹೇಗೆ ಹೇಳಲಿ? ನಿಮ್ಮ ಹತ್ತಿರ ಕೊಡುವಂಥದ್ದು ಅದೊಂದೇ ಇತ್ತು ಎಂದು ಬರೆದಿದ್ದಿರಿ. ನೀವು ಉಸಿರಾಡಿದ ಜಾಗದಲ್ಲಿ ನನಗೆ ಉಸಿರು ಕಟ್ಟಿತು ಎಂದು ಬರೆಯಲು ಕೈ ಬರಲಿಲ್ಲ. ಸೀಟಿನ ತಪ್ಪಿಲ್ಲ, ಇದು ಎಂದಾದರೂ ಎಲ್ಲಾದರೂ ಬರುತ್ತಿತ್ತೇನೋ. ಆದರೂ ಬಂದದ್ದು ಅಲ್ಲಿ. ವಿಚಿತ್ರವೆಂದರೆ ಸುಳ್ಳು ಬರೆಯುವಾಗ ನನಗೆ ಏನೂ ಆಗುತ್ತಿರಲಿಲ್ಲ. ಕಾಗದದ ಟ್ರೇನಿನಲ್ಲಿ ಆರಾಮಾಗಿ ಕುಳಿತು ಹೋಗುತ್ತಿದ್ದೆ. ಹಸಿರು ಇಳಕಲ್ ಬೀರುವಿನಲ್ಲೇ ಇದೆ.

ನಿಮ್ಮ
ವಿನೋದಿನಿ


ವಿಲೆ ಪಾರ್ಲೆ
5 ಜನವರಿ 2025

ಪ್ರೀತಿಯ ಟೀಚರಕ್ಕ,

ನಿಮ್ಮಿಂದ ಪತ್ರವಿಲ್ಲ. ನಿಮಗೆ ನೋವಾಗಿದೆ ಎಂದು ಮೊದಲು ಅಂದುಕೊಂಡೆ. ಆಮೇಲೆ ನೀವು ಕಾಯಿಲೆ ಬಿದ್ದಿದ್ದೀರಿ ಅಂದುಕೊಂಡೆ. ನಿನ್ನೆ ನೀವು ಇನ್ನೆಂದೂ ಬರೆಯುವುದಿಲ್ಲ ಎಂಬಲ್ಲಿಗೆ ಬಂದು ನಿಂತೆ. ಇದನ್ನು ಹರಿಣಿಯವರಿಗೆ ಹೇಳಿದಾಗ ಅವರು, "ನೋಡಿ, ಪೋಸ್ಟ್‌ಮ್ಯಾನ್ ಬರಲಿಲ್ಲ ಅನ್ನೋದಷ್ಟೇ ನಿಮಗೆ ಗೊತ್ತಿರೋದು. ಉಳಿದದ್ದು ನೀವೇ ಬರೆದ ಕಥೆ" ಅಂದರು.

ಹರಿಣಿ ಇಲ್ಲೇ ಪಾರ್ಲೆಯ ಮನಃಶಾಸ್ತ್ರಜ್ಞೆ. ನಮ್ಮ ಕಡೆಯವರೇ, ನಡುನಡುವೆ ತುಳುವಿನಲ್ಲೂ ಬೈಯುತ್ತಾರೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರಂತೆ. ಅಪಾಯ ಬಂದಾಗ ಓಡಲು ದೇಹ ಮಾಡಿಕೊಳ್ಳುವ ತಯಾರಿಯೇ ಇದು, ಅಪಾಯ ಮಾತ್ರ ಇಲ್ಲ. ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ನಾನು ಪ್ರತಿ ಸಲ ಇಳಿಯುವ ಮೊದಲೇ ಓಡಿಹೋಗುತ್ತಿದ್ದೆ, ಹಾಗಾಗಿ ಅದು ಇಳಿಯುತ್ತದೆ ಎಂಬುದು ನನಗೆ ತಿಳಿದೇ ಇರಲಿಲ್ಲ. ಸುಕೇಶರನ್ನೂ ಒಂದು ದಿನ ಕರೆದಿದ್ದರು. ಅವರು ಎಲ್ಲ ಕೇಳಿಸಿಕೊಂಡು ಹೊರಗೆ ಬಂದ ಮೇಲೆ, "ನಮ್ಮ ಹೋಟೆಲಿನ ಕಿಚನ್ ಅಲಾರಂ ಹಾಗೆಯೇ ಅಲ್ವಾ? ಒಗ್ಗರಣೆ ಹಾಕಿದರೂ ಬೆಂಕಿ ಅಂತ ಕಿರುಚುತ್ತದೆ. ಹಾಗಂತ ಯಾರಾದರೂ ಸಾಂಬಾರು ಬಿಟ್ಟು ಓಡ್ತಾರಾ" ಅಂದರು. ಸೋಡಾ ನಿಂತಿದೆ.

ಬೇರೊಬ್ಬ ಡಾಕ್ಟರರು ಒಂದು ಸಣ್ಣ ಮಾತ್ರೆಯನ್ನೂ ಕೊಟ್ಟಿದ್ದಾರೆ, ಅದು ಕೆಲಸ ಮಾಡಲು ಕೆಲವು ವಾರ ಬೇಕಂತೆ. ಜೊತೆಗೆ ಮನೆಪಾಠ. ಮೆಟ್ಟಿಲು ಹತ್ತಿಳಿದು ಬೇಕೆಂದೇ ಎದೆ ಹೊಡೆದುಕೊಳ್ಳುವಂತೆ ಮಾಡಿ, ಹೊಡೆದುಕೊಳ್ಳಲಿ ಎಂದು ಸುಮ್ಮನೆ ಕೂರಬೇಕು. ಉಸಿರು ಸಾಲದಂತಾಗಲು ಬೇಕೆಂದೇ ಸ್ಟ್ರಾದಲ್ಲಿ ಉಸಿರಾಡಬೇಕು. ಸುಕೇಶ್ ಹೋಟೆಲಿನಿಂದ ಒಂದು ಕಟ್ಟು ಸ್ಟ್ರಾ ತಂದಿಟ್ಟಿದ್ದಾರೆ.

ನಿಮಗೆ ನೋವಾಗಿದ್ದರೆ ಹಾಗೆಂದೇ ಬರೆಯಿರಿ.

ವಿನೋದಿನಿ


ವಿಜಯಪುರ
16 ಜನವರಿ 2025

ನನ್ನ ವಿನೂ,

ನೋವಾಗಿತ್ತು. ನಿನ್ನಿಂದಲ್ಲ. ಕೈಯಾರೆ ಕೂರಿಸಿ, ಸುತ್ತ ಏಳು ಮಂದಿಯನ್ನು ಕಾವಲು ಹಾಕಿಸಿದವಳು ನಾನು. ಪತ್ರ ಬರೆಯಲು ಕುಳಿತರೆ ಮಾತೇ ಬರಲಿಲ್ಲ. ಕಸ್ತೂರಿ, "ಯಕ್ಕಾ, ಯಾರರ ಸತ್ತಾರೇನ?" ಎಂದು ಕೇಳಿದಳು.

ಈಗ ಕೇಳು. ಟಿಕೆಟ್ ತೆಗೆಸಿದ್ದೇನೆ. ಸಂಕ್ರಮಣ ಮುಗಿಯಿತು, ಫೆಬ್ರವರಿ ಎರಡಕ್ಕೆ ಹೊರಡುತ್ತೇನೆ. ಮಾರ್ಚ್ ಕೊನೆಯವರೆಗೆ ನಿನ್ನ ಮನೆಯಲ್ಲೇ ಇರುತ್ತೇನೆ. ದಿನಾ ಬೆಳಿಗ್ಗೆ ನಿನ್ನ ಜೊತೆ ಟ್ರೇನ್ ಹತ್ತುತ್ತೇನೆ. ನಿನ್ನನ್ನು ಬಾಗಿಲ ಹತ್ತಿರ ಕೂರಿಸಿ, ಕೈ ಹಿಡಿದುಕೊಂಡು, ಪರೇಲಿನ ಆಫೀಸಿನ ಗೇಟಿನವರೆಗೆ ಬಿಟ್ಟು, ಸಂಜೆ ಮತ್ತೆ ಬರುತ್ತೇನೆ. ಮನಸ್ಸು ಗಟ್ಟಿ ಮಾಡಿಕೋ, ಅಷ್ಟೇ ಬೇಕಾದದ್ದು. ಉಳಿದದ್ದು ನನಗೆ ಬಿಡು. ಶೇಂಗಾ ಹೋಳಿಗೆ ತರುತ್ತೇನೆ.

ನಿನ್ನ
ಟೀಚರಕ್ಕ


ವಿಲೆ ಪಾರ್ಲೆ
24 ಜನವರಿ 2025

ಪ್ರೀತಿಯ ಟೀಚರಕ್ಕ,

ಈ ಪತ್ರವನ್ನು ಹರಿದು ಹರಿದು ಬರೆದಿದ್ದೇನೆ. ಬರಬೇಡಿ.

ನೀವು ಪಕ್ಕದಲ್ಲಿದ್ದರೆ ನನಗೆ ಏನೂ ಆಗುವುದಿಲ್ಲ. ತೊಂದರೆ ಅದೇ. ಅಕ್ಟೋಬರಿನಲ್ಲಿ ಸುಕೇಶ್ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಒಂದು ವಾರ ನನ್ನ ಜೊತೆ ಟ್ಯಾಕ್ಸಿಯಲ್ಲಿ ಬಂದರು. ಆ ವಾರ ಎದೆ ಸುಮ್ಮನಿತ್ತು. ಮುಂದಿನ ಸೋಮವಾರ ಅವರಿಲ್ಲದೆ ನನಗೆ ನಮ್ಮ ಬಿಲ್ಡಿಂಗಿನ ಗೇಟು ದಾಟಲಾಗಲಿಲ್ಲ. ಟ್ಯಾಕ್ಸಿಯಲ್ಲಿ ಅಪಾಯವಿರಲಿಲ್ಲ ಎಂದು ನನ್ನ ದೇಹ ಕಲಿಯಲಿಲ್ಲ, ಸುಕೇಶ್ ಉಳಿಸಿದರು ಎಂದು ಕಲಿಯಿತು. ನೀವು ಬಂದರೆ ನೀವು ಉಳಿಸಿದಿರಿ ಎಂದು ಕಲಿಯುತ್ತದೆ. ಏಪ್ರಿಲಿನಲ್ಲಿ ನೀವು ಹೋದ ಮೇಲೆ ನಾನು ಮತ್ತೆ ಇಲ್ಲೇ ಇರುತ್ತೇನೆ.

ಮನಸ್ಸು ಗಟ್ಟಿ ಮಾಡಿಕೊಂಡು ಆರು ತಿಂಗಳಾಯಿತು ಅಕ್ಕ. ಎದೆ ಹೊಡೆದುಕೊಳ್ಳುವುದನ್ನು ಮನಸ್ಸು ಗಟ್ಟಿ ಮಾಡಿ ಹಿಡಿದರೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಅದಕ್ಕೆ ಎದುರು ನಿಲ್ಲುವುದಲ್ಲ, ಅದಿದ್ದಂತೆಯೇ ಕೂರುವುದು ನನ್ನ ಪಾಠ.

ಸುಲಭದ್ದರಿಂದ ಕಷ್ಟದ್ದಕ್ಕೆ ಮೆಟ್ಟಿಲು ಮಾಡಿಕೊಳ್ಳಿ ಎಂದು ಹರಿಣಿ ಹೇಳಿದರು. ನಾನು ಹುಡುಕಬೇಕಾಗಲಿಲ್ಲ, ನಮ್ಮ ಬೆಂಚೇ ಸಿಕ್ಕಿತು. ಮೊದಲು ಪ್ಲಾಟ್‌ಫಾರ್ಮಿನಲ್ಲಿ ನಿಂತು ಟ್ರೇನ್ ನೋಡುವುದು. ಆಮೇಲೆ ಬಾಗಿಲ ಬಳಿ ನಿಂತು ಸಾಂತಾಕ್ರೂಜ್‌ವರೆಗೆ. ಆಮೇಲೆ ಅರ್ಧ ಹೊರಗಿರುವ ನಾಲ್ಕನೇ ಸೀಟು. ನಂತರ ಮೂರನೆಯದು, ಎರಡನೆಯದು. ಎಲ್ಲಕ್ಕಿಂತ ಮೇಲೆ ನಿಮ್ಮ ಕಿಟಕಿ. ಈಗ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತೇನೆ. ಗಡಿಯಾರದ ಕೆಳಗಿನ ಚಹಾದವನು ನಾನು ಯಾರಿಗೋ ಕಾಯುತ್ತಿದ್ದೇನೆ ಅಂದುಕೊಂಡಿದ್ದಾನೆ.

ಒಬ್ಬಳೇ ಹೋಗಬೇಕು. ನಿಮ್ಮನ್ನು ಬೇಡವೆನ್ನುವುದು ಅಲ್ಲ ಇದು. ಅಥವಾ ಹೌದು, ಈಗ ಸ್ವಲ್ಪ ದಿನಕ್ಕೆ ಬೇಡವೆನ್ನುವುದೇ. ಕ್ಷಮಿಸಿ.

ನಿಮ್ಮ
ವಿನೋದಿನಿ


ವಿಜಯಪುರ
20 ಫೆಬ್ರವರಿ 2025

ವಿನೂ,

ಟಿಕೆಟ್ ರದ್ದು ಮಾಡಿಸಿದೆ. ಹೋಳಿಗೆ ನಾನೂ ಕಸ್ತೂರಿಯೂ ತಿಂದೆವು. ಎಂಟು ದಿನ ನಿನ್ನ ಮೇಲೆ ಸಿಟ್ಟಿತ್ತು. "ಕೈ ಹಿಡೀತೀನಂದ್ರ ಬ್ಯಾಡ ಅಂತಾಳ, ಇದೆಂಥಾ ಕಾಯಿಲೆ" ಎಂದು ಕಸ್ತೂರಿಯ ಮುಂದೆ ಹಲುಬಿದೆ. ಅವಳು ಕಾಳು ಆರಿಸುತ್ತ, "ನೀ ಸಾಲ್ಯಾಗ ಏನ್ ಮಾಡ್ತಿದ್ದಿ ಮತ್ತ?" ಅಂದಳು. ಅವಳು ಬೇರೇನೋ ಅರ್ಥದಲ್ಲಿ ಕೇಳಿದ್ದಳು. ನನಗೆ ಮಾತ್ರ ಜೂನ್ ತಿಂಗಳ ಒಂದನೇ ಕ್ಲಾಸು ಕಣ್ಣ ಮುಂದೆ ಬಂತು.

ಮೊದಲ ವಾರ ಮಕ್ಕಳು ಅಳುತ್ತವೆ. ತಾಯಂದಿರು ಹೋಗುವುದಿಲ್ಲ, ವರ್ಗದ ಕಿಟಕಿಯ ಹೊರಗೆ ಸರಳು ಹಿಡಿದು ನಿಲ್ಲುತ್ತಾರೆ. "ಅಳಬ್ಯಾಡ ಪುಟ್ಟಾ, ಇಲ್ಲೇ ಅದೀನಿ" ಎನ್ನುತ್ತಾರೆ. ಅವರು ಕಾಣುವವರೆಗೆ ಮಗು ಅಳು ನಿಲ್ಲಿಸುವುದಿಲ್ಲ, ಹಲಗೆಯ ಕಡೆ ನೋಡುವುದಿಲ್ಲ, ಪಕ್ಕದ ಮಗುವಿನ ಹೆಸರು ಕೇಳುವುದಿಲ್ಲ. ನಾನು ಹೊರಗೆ ಹೋಗಿ ಹೇಳುತ್ತಿದ್ದೆ, "ಮನೀಗೆ ಹೋಗ್ರಿ. ನಿಮ್ಮ ಮಗೂಗೆ ಏನೂ ಆಗೂದಿಲ್ಲ. ನೀವು ಹೋಗೂತನಕ ಅದಕ್ಕ ಅದು ಗೊತ್ತಾಗೂದಿಲ್ಲ." ಕೆಲವರು ನನ್ನನ್ನು ಕಲ್ಲು ಮನಸ್ಸಿನವಳು ಎಂದು ಬೈದುಕೊಂಡು ಹೋಗುತ್ತಿದ್ದರು. ಬೀದಿಯ ತಿರುವಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇಷ್ಟು ವರ್ಷ ಅವರಿಗೆ ಹೇಳಿದವಳಿಗೆ ಕಿಟಕಿಯ ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂದು ಈಗ ತಿಳಿಯಿತು.

ನಿಖಿತಾಳಿಗೂ ಹೇಳಿದ್ದೇನೆ. ಇನ್ನು ಮೇಲೆ ವಿನೋದಿನಿಗೆ ಯಾವ ಸೀಟನ್ನೂ ಹಿಡಿಯಬಾರದು, ದುಪಟ್ಟಾದಿಂದ ಗಾಳಿ ಹಾಕಬಾರದು, ಮುಖ ನೋಡಿ "ಆರ್ ಯು ಓಕೆ" ಎನ್ನಬಾರದು. ನಿನಗೆ ಸೀಟು ಬೇಕಾದರೆ ಎಲ್ಲರಂತೆ ನೀನೇ ಕೇಳಿ ತೆಗೆದುಕೋ.

ಮನೆಗೆ ಹೋಗುತ್ತಿದ್ದೇನೆ ಯವ್ವ. ತಿರುವಿನಲ್ಲಿ ನಿಂತಿಲ್ಲ.

(ಸ್ವಲ್ಪ ಹೊತ್ತು ನಿಂತಿದ್ದೆ.)

ನಿನ್ನ
ಮಹಾದೇವಿ


ವಿಲೆ ಪಾರ್ಲೆ
6 ಏಪ್ರಿಲ್ 2025, ಭಾನುವಾರ

ಪ್ರೀತಿಯ ಟೀಚರಕ್ಕ,

ಏಪ್ರಿಲ್ ಒಂದಕ್ಕೆ ಆಫೀಸಿಗೆ ಹೋದೆ. ಪ್ರಭಾದೇವಿಯಲ್ಲಿ ಇಳಿದು ಸೇತುವೆ ದಾಟುವಾಗ ಎರಡು ಸಲ ಕಂಬಿ ಹಿಡಿದು ನಿಂತೆ, ಮತ್ತೆ ನಡೆದೆ. ನನ್ನ ಟೇಬಲಿನ ಮೇಲೆ ಯಾರೋ ಗಿಡ ಇಟ್ಟು, ನೀರು ಹಾಕದೆ ಒಣಗಿಸಿದ್ದಾರೆ.

ನಿಮ್ಮ ಪತ್ರ ಬಂದ ವಾರ ಬಾಗಿಲ ಬಳಿಯೇ ನಿಂತು ಬಾಂದ್ರಾ ಮುಟ್ಟಿದ್ದೆ. ಮಾರ್ಚಿನಲ್ಲಿ ನಾಲ್ಕನೇ ಸೀಟಿನ ತುದಿ, ಆಮೇಲೆ ಮೂರನೆಯದು. ಕೆಲವು ದಿನ ಏರಿದ ಮೆಟ್ಟಿಲು ಇಳಿದೂ ಬಂದೆ. ನಿಖಿತಾ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದಾಳೆ. ನಾನು ಹತ್ತಿದರೆ ಫೋನಿನಲ್ಲಿ ಮುಖ ಹುದುಗಿಸುತ್ತಾಳೆ. ಒಂದು ದಿನ ನಾನೇ ಮಾತಾಡಿಸಿದರೆ, "ಅಕ್ಕ, ನಾನು ನಿಮ್ಮನ್ನು ನೋಡೂದೇ ಇಲ್ಲ ಹಾಂ. ಟೀಚರಕ್ಕ ಕಸಮ್ ಕೊಟ್ಟಿದ್ದಾರೆ" ಅಂದಳು.

ಗುರುವಾರದ್ದು ಹೇಳಬೇಕು. ಕಿಟಕಿಯ ಪಕ್ಕ ನಿಖಿತಾ ಇದ್ದಳು. ಎರಡನೇ ಸೀಟಿನವರನ್ನು ನಾನೇ ಕೇಳಿದೆ, "ಎಲ್ಲಿ ಇಳಿಯುತ್ತೀರಿ?" ಬಾಂದ್ರಾ ಎಂದರು. ಅವರು ಎದ್ದ ಮೇಲೆ ನುಸುಳಿ ಕುಳಿತೆ. ಮಾಹಿಮ್ ದಾಟಿತು. ಟ್ರೇನ್ ನಿಂತಿತು. ಅದೇ ಜಾಗ ಅಕ್ಕ, ಮಳೆಯಿಲ್ಲ, ಅಷ್ಟೇ ವ್ಯತ್ಯಾಸ. ಬೆರಳು ಜುಮುಗುಟ್ಟಿತು. ಎದೆ ಶುರುಮಾಡಿತು. ಬಾಗಿಲ ಕಡೆ ನೋಡಿದೆ, ನಡುವೆ ಎಷ್ಟೊಂದು ಮೊಣಕಾಲುಗಳು. ನೀರಿನ ಬಾಟಲಿಗೆ ಕೈ ಹೋಯಿತು, ಅದೂ ಒಂದು ಆಸರೆಯೇ ಎಂದು ವಾಪಸು ತೆಗೆದೆ. ಬಂದದ್ದು ಏನೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಈ ಡಬ್ಬಾದಲ್ಲಿ ಹೊಸದಾಗಿ ಬಂದವರನ್ನು ನಾವು ಕೇಳುವುದು ಒಂದೇ ಮಾತು, ಅದನ್ನೇ ಮನಸ್ಸಿನಲ್ಲಿ ಕೇಳಿದೆ, ಎಲ್ಲಿ ಇಳಿಯುತ್ತೀ? ಉತ್ತರ ಬರಲಿಲ್ಲ. ಇನ್ನೂ ಏರಿತು. ಏರಲಿ ಎಂದು ಬಿಟ್ಟೆ. ಎದುರಿನವರು ಬಟಾಣಿ ಸುಲಿಯುತ್ತಿದ್ದರು. ಆ ಕಾಳುಗಳನ್ನು ನೋಡುತ್ತ ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಿದ್ದೆ. ಟ್ರೇನ್ ಇನ್ನೂ ನಿಂತೇ ಇತ್ತು. ಅದು ನನ್ನ ಮೈಯಿಂದ ಇಳಿದುಹೋಯಿತು. ಸ್ಟೇಷನ್ ಕೂಡ ಬಂದಿರಲಿಲ್ಲ.

ದಾದರಿನಲ್ಲಿ ಅರ್ಧ ಡಬ್ಬಾ ಖಾಲಿಯಾದಾಗ ನಿಖಿತಾ ಫೋನಿನಿಂದ ಕಣ್ಣೆತ್ತದೆ, "ನಾನ್ ಕುಛ್ ನೋಡಿಲ್ಲ. ಆದ್ರೆ ಬಹಳ ಚೆನ್ನಾಗಿ ಮಾಡಿದ್ರಿ" ಅಂದಳು.

ಶುಕ್ರವಾರ ಸಂಜೆ ಮಾತ್ರ ಟ್ಯಾಕ್ಸಿಯಲ್ಲಿ ವಾಪಸು ಬಂದೆ. ಪ್ಲಾಟ್‌ಫಾರ್ಮಿನ ಜನ ನೋಡಿ ಮನಸ್ಸಾಗಲಿಲ್ಲ. ಅದನ್ನೂ ಬರೆಯುತ್ತಿದ್ದೇನೆ. ಇನ್ನು ಮೇಲೆ ನಾನು ಬರೆಯುವ ಟ್ರೇನೂ ಓಡುವ ಟ್ರೇನೂ ಒಂದೇ ಆಗಿರಲಿ. ಇದು ಪೂರ್ತಿ ಹೋಗುತ್ತದೆಯೇ ಎಂದು ಹರಿಣಿಯವರನ್ನು ಕೇಳಿದೆ. "ಬಂದರೂ ಪರವಾಗಿಲ್ಲ ಅನ್ನಿಸಿದ ದಿನ ಆ ಪ್ರಶ್ನೆ ಹೋಗುತ್ತದೆ" ಅಂದರು. ನನಗಿನ್ನೂ ಆ ಪ್ರಶ್ನೆ ಇದೆ. ಲಿಫ್ಟಿನಲ್ಲಂತೂ ಈಗ ಹೋಗುತ್ತೇನೆ, ನನ್ನ ಜೊತೆ ಮೆಟ್ಟಿಲು ಹತ್ತಿ ಸುಕೇಶರಿಗೆ ಮಂಡಿನೋವು.

ಈಗ ಬನ್ನಿ, ಅಕ್ಕ. ನನ್ನ ಕೈ ಹಿಡಿಯಲು ಅಲ್ಲ, ಹೋಳಿಗೆ ತರಲು. ಮೇ ತಿಂಗಳಲ್ಲಿ ಬನ್ನಿ, ಮಾವಿನಹಣ್ಣಿರುತ್ತದೆ. ದಾದರಿನಲ್ಲಿ ಇಳಿಯಿರಿ, ನಾನು ಲೋಕಲಿನಲ್ಲಿ ಒಬ್ಬಳೇ ಬಂದು ನಿಮ್ಮನ್ನು ಕರೆದುಕೊಳ್ಳುತ್ತೇನೆ. ಹಸಿರು ಇಳಕಲ್ ಉಟ್ಟು ಬರುತ್ತೇನೆ. ಮರುದಿನ ಬೆಳಿಗ್ಗೆ ನಮ್ಮ ಡಬ್ಬಾದಲ್ಲಿ ಕಿಟಕಿಯ ಪಕ್ಕ ನೀವು ಕುಳಿತುಕೊಳ್ಳಿ, ಸರಳಿಗೆ ಹಣೆ ಹಚ್ಚಿ, ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ.

ನಾನೊಬ್ಬಳು ಕೇಳುತ್ತೇನೆ, ಎರಡನೇ ಸೀಟಿನಿಂದ. ಎಲ್ಲಿ ಇಳಿಯುತ್ತೀರಿ, ಟೀಚರಕ್ಕ? ನೀವು ಎದ್ದ ಮೇಲೆ ಆ ಸೀಟು ನನಗೆ ಬೇಕು.

ನಿಮ್ಮ
ವಿನೋದಿನಿ